ರಾತ್ರಿ ಸಾಗಣೆ: ಲೆಕ್ಕಪುಸ್ತಕಕ್ಕೆ ಬಾರದ ನಿದ್ರೆಯ ಸಾಲ

ಇಂಡಿಯ ಮಾರುಕಟ್ಟೆಯಲ್ಲಿ ಲಿಂಬೆಯ ಸವಾಲು ಮುಗಿದು, ಚೀಲಗಳ ಬಾಯಿ ಹೊಲಿದು, ಲಾರಿಯ ಮೇಲೆ ತಾಡಪತ್ರಿ ಬಿಗಿಯುವ ವೇಳೆಗೆ ಸಾಮಾನ್ಯವಾಗಿ ಹೊತ್ತು ಮುಳುಗಿರುತ್ತದೆ. ಸಿಂದಗಿಯಿಂದ ಹೊರಡುವ ತೊಗರಿ ಹಾಗೂ ಹತ್ತಿಯ ಲೋಡುಗಳು, ಬಸವನ ಬಾಗೇವಾಡಿಯ ಉಳ್ಳಾಗಡ್ಡಿ, ಮುದ್ದೇಬಿಹಾಳ ಮತ್ತು ತಾಳಿಕೋಟೆಯ ಕಾಳುಕಡಿ, ಇವೆಲ್ಲವೂ ಬಹುತೇಕ ರಾತ್ರಿಯ ಸರಕುಗಳೇ. ಝಳಕಿಯ ಕ್ರಾಸಿನಲ್ಲಾಗಲಿ, ನಿಡಗುಂದಿಯಲ್ಲಾಗಲಿ ರಾತ್ರಿ ಒಂಬತ್ತರ ನಂತರ ಅರ್ಧ ಗಂಟೆ ನಿಂತು ನೋಡಿದರೆ ಜಿಲ್ಲೆಯ ವ್ಯಾಪಾರದ ಬಹುಭಾಗ ಕತ್ತಲಲ್ಲಿಯೇ ಊರು ಬಿಡುತ್ತದೆಂಬುದು ಮನವರಿಕೆಯಾಗುತ್ತದೆ.

ರಾತ್ರಿ ಪ್ರಯಾಣಕ್ಕೆ ವ್ಯಾಪಾರಸ್ಥರು ಕೊಡುವ ಕಾರಣಗಳು ಸಕಾರಣವಾದವುಗಳೇ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮೀರುವ ಬಿಸಿಲಿನಲ್ಲಿ ಹಣ್ಣು, ತರಕಾರಿ ಬಾಡುತ್ತವೆ, ಟಯರುಗಳು ಕಾಯುತ್ತವೆ. ದೊಡ್ಡ ನಗರಗಳಲ್ಲಿ ಹಗಲು ಹೊತ್ತು ಭಾರಿ ವಾಹನಗಳಿಗೆ ಪ್ರವೇಶ ನಿರ್ಬಂಧವಿರುತ್ತದೆ. ಪೇಟೆಯ ಸವಾಲು ಬೆಳಿಗ್ಗೆ ಆರಂಭವಾಗುವುದರಿಂದ ಸರಕು ನಸುಕಿನಲ್ಲಿಯೇ ಯಾರ್ಡು ಮುಟ್ಟಬೇಕು. ಮಾರುಕಟ್ಟೆಯ ಗಡಿಯಾರ ಹೀಗೆ ರಾತ್ರಿಯನ್ನೇ ಆರಿಸಿಕೊಂಡಿದೆ. ಆದರೆ ಸ್ಟೇರಿಂಗ್ ಹಿಡಿದವನ ದೇಹದೊಳಗಿನ ಗಡಿಯಾರ ಮಾರುಕಟ್ಟೆಯ ಮಾತು ಕೇಳುವುದಿಲ್ಲ. ಅದು ನಸುಕಿನ ಎರಡರಿಂದ ಆರರ ನಡುವೆ ದೇಹವನ್ನು ಮಲಗಿಸಲು ಹವಣಿಸುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಇನ್ನೊಮ್ಮೆ, ಸ್ವಲ್ಪ ಕಡಿಮೆ ಬಲದಿಂದ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರಿನ ಭರ್ಜರಿ ಊಟವನ್ನು ಮಧ್ಯಾಹ್ನದ ತೂಕಡಿಕೆಗೆ ಹೊಣೆ ಮಾಡುವುದು ವಾಡಿಕೆ. ಊಟ ಅದನ್ನು ಹೆಚ್ಚಿಸೀತು. ಆದರೆ ಉಪವಾಸವಿದ್ದವನಿಗೂ ಆ ಹೊತ್ತಿನಲ್ಲಿ ಕಣ್ಣು ಎಳೆಯುವುದುಂಟು.

ಹತ್ತಿರದ ಕೆಲವು ಘಟನೆಗಳು

2025ರ ಏಪ್ರಿಲ್ 5ರ ನಸುಕಿನ ಸುಮಾರು ಮೂರೂವರೆಗೆ, ಸಿಂದಗಿಯಿಂದ ಜೇವರ್ಗಿಯತ್ತ ಸಾಗುವ ರಸ್ತೆಯ ನೆಲೋಗಿ ಕ್ರಾಸ್ ಬಳಿ, ನಿಂತಿದ್ದ ಲಾರಿಯೊಂದಕ್ಕೆ ಮ್ಯಾಕ್ಸಿಕ್ಯಾಬ್ ಹಿಂದಿನಿಂದ ಅಪ್ಪಳಿಸಿತು. ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದ ಬಾಗಲಕೋಟೆ ಜಿಲ್ಲೆಯ ಐವರು ಸಾವಿಗೀಡಾದರು. ಅದಕ್ಕೂ ಮೊದಲು, 2024ರ ಜೂನ್ 28ರಂದು, ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ಇದೇ ರೀತಿ ನಿಂತ ಲಾರಿಗೆ ಟೆಂಪೊ ಟ್ರಾವೆಲರ್ ಬಡಿದು 13 ಜನ ಮೃತಪಟ್ಟಿದ್ದರು. ದೇವರ ದರ್ಶನ ಮುಗಿಸಿ ಭದ್ರಾವತಿಯ ಕಡೆಗೆ ಮರಳುತ್ತಿದ್ದವರು ಅವರು. ಆಗಲೂ ಸಮಯ ನಸುಕಿನ ನಾಲ್ಕರ ಆಸುಪಾಸು. ಚಾಲಕನಿಗೆ ತೂಕಡಿಕೆ ಬಂದಿರಬಹುದೆಂಬ ಶಂಕೆ ಆಗಲೇ ವ್ಯಕ್ತವಾಗಿತ್ತು. 2025ರ ಮೇ 21ರಂದು ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿ ಸಮೀಪ ಕಾರೊಂದು ವಿಭಜಕವನ್ನು ದಾಟಿ ಎದುರಿನ ಖಾಸಗಿ ಬಸ್ಸಿಗೆ ಡಿಕ್ಕಿ ಹೊಡೆದು ಆರು ಜನ ಅಸುನೀಗಿದರು.

ಈ ಎಲ್ಲ ಪ್ರಕರಣಗಳಿಗೂ ನಿದ್ರೆಯೇ ಕಾರಣವೆಂದು ತೀರ್ಪು ಕೊಡುವುದು ಸರಿಯಲ್ಲ. ಆದರೂ ನಿದ್ರೆಯಿಂದಾಗುವ ಅಪಘಾತಕ್ಕೆ ತನ್ನದೇ ಆದ ಒಂದು ಮುಖಲಕ್ಷಣವಿದೆಯೆಂದು ತಜ್ಞರು ಗುರುತಿಸಿದ್ದಾರೆ: ರಸ್ತೆ ನೇರವಾಗಿರುತ್ತದೆ, ವಾಹನಸಂಚಾರ ವಿರಳವಾಗಿರುತ್ತದೆ, ವಾಹನ ತಾನಾಗಿಯೇ ರಸ್ತೆ ಬಿಟ್ಟು ಹೋಗಿರುತ್ತದೆ ಅಥವಾ ಮುಂದೆ ನಿಂತಿರುವುದಕ್ಕೆ ಹೋಗಿ ಬಡಿದಿರುತ್ತದೆ, ಮತ್ತು ನೆಲದ ಮೇಲೆ ಬ್ರೇಕಿನ ಗುರುತೇ ಇರುವುದಿಲ್ಲ. ಎಚ್ಚರವಿದ್ದವನು ಕೊನೆಯ ಕ್ಷಣದಲ್ಲಾದರೂ ಬ್ರೇಕು ತುಳಿದಿರುತ್ತಾನೆ.

ಕೇಂದ್ರ ಭೂಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಜನ ಮೃತಪಟ್ಟರು. ಕಾರಣಗಳ ಕೋಷ್ಟಕದಲ್ಲಿ ಅತಿವೇಗ, ಮದ್ಯಪಾನ, ತಪ್ಪು ದಿಕ್ಕಿನ ಚಾಲನೆ, ಕೆಂಪುದೀಪ ಉಲ್ಲಂಘನೆ, ಮೊಬೈಲ್ ಬಳಕೆ ಎಂಬ ಶೀರ್ಷಿಕೆಗಳಿವೆ, ಉಳಿದದ್ದು ‘ಇತರೆ’. ನಿದ್ರೆಗೆ ಅಲ್ಲಿ ಸ್ವಂತ ಖಾತೆಯಿಲ್ಲ. ಖಾತೆಯೇ ತೆರೆಯದ ವೆಚ್ಚ ಲಾಭನಷ್ಟ ಪಟ್ಟಿಯಲ್ಲಿ ಕಾಣಿಸುವುದಾದರೂ ಹೇಗೆ? ತೂಕಡಿಸಿ ಗಾಡಿ ಬಿಟ್ಟವನದು ಅತಿವೇಗದ ಲೆಕ್ಕಕ್ಕೋ ಇತರೆಯ ಲೆಕ್ಕಕ್ಕೋ ಜಮೆಯಾಗುತ್ತದೆ. ಕುಡಿದವನ ಉಸಿರನ್ನು ಪರೀಕ್ಷಿಸುವ ಯಂತ್ರ ಪೊಲೀಸರ ಕೈಯಲ್ಲಿದೆ. ನಿದ್ದೆಗೆಟ್ಟವನನ್ನು ರಸ್ತೆಯ ಮೇಲೆ ಅಳೆಯುವ ಅಂಥ ಸುಲಭ ಯಂತ್ರ ಬಳಕೆಗೆ ಬಂದಿಲ್ಲ.

ಹದಿನೇಳು ಗಂಟೆಗಳ ಲೆಕ್ಕ

ಸಿಂದಗಿಯ ಒಬ್ಬ ವ್ಯಾಪಾರಿಯ ದಿನಚರಿಯನ್ನು ಊಹಿಸಿಕೊಳ್ಳಬಹುದು. ಮುಂಜಾನೆ ಐದಕ್ಕೆ ಎದ್ದವನು ದಿನವಿಡೀ ಅಂಗಡಿ, ತೂಕ, ಹಮಾಲರ ಬಟವಡೆ, ಬ್ಯಾಂಕು ಎಂದು ಓಡಾಡಿ, ಊಟ ಮುಗಿಸಿ, ಮರುದಿನ ಹತ್ತು ಗಂಟೆಯ ಭೇಟಿಗಾಗಿ ರಾತ್ರಿ ಒಂಬತ್ತಕ್ಕೆ ತಾನೇ ಕಾರು ನಡೆಸಿಕೊಂಡು ಬೆಂಗಳೂರಿಗೆ ಹೊರಡುತ್ತಾನೆ. ಅರವತ್ತು ಕಿಲೋಮೀಟರ್ ದೂರದ ವಿಜಯಪುರ ಮುಟ್ಟುವ ಹೊತ್ತಿಗೇ ಆತ ಎದ್ದು ಹದಿನೇಳು ಗಂಟೆ ದಾಟಿರುತ್ತದೆ. ಹೊಸಪೇಟೆ ದಾಟಿ ಕೂಡ್ಲಿಗಿಯ ಕಡೆಗೆ ಸಾಗುವಾಗ ಗಡಿಯಾರದಲ್ಲಿ ಎರಡು. ಎಚ್ಚರದ ಲೆಕ್ಕದಲ್ಲಿ ಇಪ್ಪತ್ತೊಂದು.

ಈ ಹದಿನೇಳು ಗಂಟೆಗೆ ವಿಶೇಷ ಮಹತ್ವವಿದೆ. 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಕಟಿಸಿದ, ಅನಂತರ ಬೇರೆ ಅಧ್ಯಯನಗಳೂ ಸಮರ್ಥಿಸಿದ ಫಲಿತಾಂಶದಂತೆ, ಸತತ ಹದಿನೇಳು ಗಂಟೆ ಎಚ್ಚರವಿದ್ದ ವ್ಯಕ್ತಿಯ ಕೈಕಣ್ಣುಗಳ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿದ್ದವನ ಮಟ್ಟಕ್ಕೆ ಇಳಿಯುತ್ತದೆ. ಇಪ್ಪತ್ನಾಲ್ಕು ಗಂಟೆ ಎಚ್ಚರವಿದ್ದರೆ ಅದು 100 ಮಿಲಿಗ್ರಾಮಿಗೆ ಸಮ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ ಕೇವಲ 30 ಮಿಲಿಗ್ರಾಂ. ಜೀವನದಲ್ಲಿ ಒಂದು ಹನಿಯನ್ನೂ ಮುಟ್ಟದ ವ್ಯಾಪಾರಿ, ವಿಜಯಪುರ ದಾಟುವ ಮೊದಲೇ ಕುಡಿದವನಿಗೆ ಸಮಾನನಾಗಿರುತ್ತಾನೆ. ವ್ಯತ್ಯಾಸವೆಂದರೆ ಅವನಿಗೂ ಅದು ಗೊತ್ತಿರುವುದಿಲ್ಲ, ಅವನ ಪಕ್ಕ ಕುಳಿತವರಿಗೂ ಗೊತ್ತಿರುವುದಿಲ್ಲ.

ಹಿಂದಿನವರಿಗೆ ಈ ಚಿಂತೆ ಇರಲಿಲ್ಲ. ಸಂತೆ ಮುಗಿಸಿ ಚಕ್ಕಡಿಯಲ್ಲಿ ಮಲಗಿದರೆ ಎತ್ತುಗಳೇ ಮನೆಯ ದಾರಿ ಹಿಡಿದು ಅಂಗಳಕ್ಕೆ ತಂದು ನಿಲ್ಲಿಸುತ್ತಿದ್ದವು. ಎಂಜಿನ್ನಿಗೆ ಆ ವಿವೇಕವಿಲ್ಲ. ಎರಡರಿಂದ ನಾಲ್ಕು ಸೆಕೆಂಡಿನ ಕಿರುನಿದ್ರೆಯಲ್ಲಿ ಕಣ್ಣು ತೆರೆದಿದ್ದರೂ ಮಿದುಳು ಮುಚ್ಚಿರಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡಿಗೆ ಸುಮಾರು 89 ಮೀಟರ್. ಅಷ್ಟು ದೂರ ಗಾಡಿಯನ್ನು ಯಾರೂ ನಡೆಸುತ್ತಿರುವುದಿಲ್ಲ.

ಜಿಲ್ಲೆಯ ಭೂಲಕ್ಷಣವೂ ಇದಕ್ಕೆ ಪೂರಕವಾಗಿದೆ. ಸೊಲ್ಲಾಪುರದಿಂದ ಹೊರ್ತಿ, ವಿಜಯಪುರದ ಮೂಲಕ ಬರುವ 52ನೇ ರಾಷ್ಟ್ರೀಯ ಹೆದ್ದಾರಿಯೂ, ಸಿಂದಗಿ, ವಿಜಯಪುರ, ಮನಗೂಳಿ, ನಿಡಗುಂದಿಗಳ ಮೂಲಕ ಹೊಸಪೇಟೆಯತ್ತ ಇಳಿಯುವ 50ನೇ ಹೆದ್ದಾರಿಯೂ ಎರೆಭೂಮಿಯ ಬಯಲಿನಲ್ಲಿ ಹಾಸಿಕೊಂಡಿವೆ. ಘಟ್ಟವಿಲ್ಲ, ತಿರುವು ಕಡಿಮೆ, ಗಿಡಮರ ಇನ್ನೂ ಕಡಿಮೆ. ಚತುಷ್ಪಥವಾದ ಮೇಲಂತೂ ಎದುರು ವಾಹನದ ಬೆಳಕೂ ಕಣ್ಣಿಗೆ ಅಷ್ಟಾಗಿ ಹೊಡೆಯುವುದಿಲ್ಲ. ಒಂದೇ ಬಗೆಯ ಬಿಳಿಗೆರೆ, ಒಂದೇ ಬಗೆಯ ಎಂಜಿನ್ ಸದ್ದು ಮನಸ್ಸನ್ನು ಮಂಕಾಗಿಸುತ್ತವೆ. ಒಳ್ಳೆಯ ರಸ್ತೆ ಆಯಾಸವನ್ನು ಕಡಿಮೆ ಮಾಡುತ್ತದೆಂಬುದು ನಿಜ. ಅದು ನಿದ್ರೆಯನ್ನು ಹತ್ತಿರ ಕರೆಯುತ್ತದೆಂಬುದೂ ನಿಜ. ಇಷ್ಟರ ಮೇಲೆ ಕಬ್ಬು ನುರಿಯುವ ಹಂಗಾಮಿನಲ್ಲಿ ಇಂಡಿ, ಸಿಂದಗಿ ಭಾಗದ ರಸ್ತೆಗಳಲ್ಲಿ ಹಿಂದೀಪವಿಲ್ಲದ ಜೋಡಿ ಟ್ರೇಲರುಗಳ ಕಬ್ಬಿನ ಟ್ರ್ಯಾಕ್ಟರುಗಳು ತೆವಳುತ್ತಿರುತ್ತವೆ. ಪೂರ್ತಿ ಎಚ್ಚರವಿದ್ದವನಿಗೇ ಅವು ಕಾಣುವುದು ತಡ. ಪ್ರತಿಫಲಕ ಪಟ್ಟಿ ಅಂಟಿಸುವ ವೆಚ್ಚ ಒಂದು ಟನ್ ಕಬ್ಬಿನ ಬೆಲೆಯ ಮುಂದೆ ಏನೇನೂ ಅಲ್ಲ; ಆದರೂ ಪ್ರತಿ ಹಂಗಾಮಿನಲ್ಲೂ ಇದನ್ನು ನೆನಪಿಸಬೇಕಾಗುತ್ತದೆ.

ಹುಸಿ ಉಪಾಯಗಳು, ನಿಜ ಉಪಾಯಗಳು

ನಿದ್ರೆ ಓಡಿಸಲು ಚಾಲಕರಲ್ಲಿ ಬಳಕೆಯಲ್ಲಿರುವ ಉಪಾಯಗಳು ಹಲವು: ಕಿಟಕಿ ಇಳಿಸುವುದು, ಹಾಡಿನ ಸದ್ದು ಏರಿಸುವುದು, ಮುಖಕ್ಕೆ ನೀರು ಚಿಮುಕಿಸಿಕೊಳ್ಳುವುದು, ಗುಟಕಾ ಜಗಿಯುವುದು, ಉಪ್ಪು ಹಚ್ಚಿದ ಲಿಂಬೆಹೋಳು ಚೀಪುವುದು. ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳು ತಂಪು ಗಾಳಿ ಮತ್ತು ರೇಡಿಯೊಗಳ ಪರಿಣಾಮ ಅತ್ಯಲ್ಪ, ಅದೂ ಕೆಲವೇ ನಿಮಿಷಗಳದ್ದೆಂದು ತೋರಿಸಿದವು. ಲಿಂಬೆಹಣ್ಣಿನ ಬಗ್ಗೆ ಅಲ್ಲಿ ಯಾರೂ ಪರೀಕ್ಷಿಸಲಿಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಇಂಡಿಯ ಲಿಂಬೆಯೇ ಆದರೂ ಹುಳಿ ಹಲ್ಲನ್ನು ಎಚ್ಚರಿಸೀತೇ ಹೊರತು ಮಿದುಳನ್ನಲ್ಲ. ಗಾಡಿಯ ಮುಂದೆ ಮೆಣಸಿನಕಾಯಿಯ ಜೊತೆ ಕಟ್ಟಿದ ಲಿಂಬೆಹಣ್ಣಿನ ವಿಷಯ ಬೇರೆ. ಅದು ನಂಬಿಕೆ, ಅದರ ತಂಟೆ ಇಲ್ಲಿ ಬೇಡ.

ಕಡಕ್ ಚಹಾದ ಬಗ್ಗೆ ಮಾತ್ರ ಎರಡು ಮಾತು ಅಗತ್ಯ. ಚಹಾ, ಕಾಫಿಯಲ್ಲಿರುವ ಕೆಫೀನ್ ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಕುಡಿದ ಇಪ್ಪತ್ತರಿಂದ ಮೂವತ್ತು ನಿಮಿಷಗಳ ನಂತರ. ಢಾಬಾದಲ್ಲಿ ಚಹಾ ಕುಡಿದ ಕೂಡಲೇ ಹುಷಾರೆನಿಸುವುದಕ್ಕೆ ಕಾರಣ ಇಳಿದು ನಡೆದದ್ದು ಮತ್ತು ನಾಲ್ಕು ಮಾತಾಡಿದ್ದು. ಆ ಹುಷಾರು ಹತ್ತು ಕಿಲೋಮೀಟರಿನಲ್ಲಿ ಇಳಿದುಹೋಗುತ್ತದೆ. ಲಫ್‌ಬರೊದ ಅದೇ ಸಂಶೋಧಕರು ಕಂಡುಕೊಂಡ ಉತ್ತಮ ಕ್ರಮವೆಂದರೆ, ಗಾಡಿಯನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಮೊದಲು ಕಾಫಿ ಕುಡಿದು, ತಕ್ಷಣವೇ ಹದಿನೈದು ನಿಮಿಷ ಕಣ್ಣು ಮುಚ್ಚುವುದು. ಎಚ್ಚರಾಗುವ ಹೊತ್ತಿಗೆ ಕೆಫೀನ್ ತನ್ನ ಕೆಲಸ ಆರಂಭಿಸಿರುತ್ತದೆ. ನಿದ್ರೆ ಇಪ್ಪತ್ತು ನಿಮಿಷ ಮೀರಿ ಆಳಕ್ಕಿಳಿದರೆ ಎದ್ದ ಮೇಲೆ ಕೆಲ ಹೊತ್ತು ಮಂಪರು ಉಳಿಯುವುದರಿಂದ, ಹೆಚ್ಚು ಮಲಗಿದವರು ಮುಖ ತೊಳೆದು ಸ್ವಲ್ಪ ಅಡ್ಡಾಡಿಯೇ ಹೊರಡಬೇಕು.

ಇದಾದರೂ ಕೈಸಾಲ ಮಾತ್ರ. ಮೂರು ರಾತ್ರಿ ತಲಾ ನಾಲ್ಕೈದು ಗಂಟೆ ಮಲಗಿದವನ ಬಾಕಿಯನ್ನು ಹದಿನೈದು ನಿಮಿಷ ತೀರಿಸಲಾರದು. ಒಂದು ಗಂಟೆಯ ದಾರಿಗೆ ಅದು ಸಾಕು. ಅದರ ನಂತರ ಪೂರ್ಣ ನಿದ್ರೆಯೇ ಬೇಕು. ಪದೇಪದೇ ಆಕಳಿಕೆ, ಕಣ್ಣುರಿ, ಕಳೆದ ನಾಲ್ಕೈದು ಕಿಲೋಮೀಟರ್ ಹೇಗೆ ಬಂದೆವೆಂಬುದೇ ನೆನಪಿಲ್ಲದಿರುವುದು, ಎದುರು ಗಾಡಿಗೆ ಲೈಟು ತಗ್ಗಿಸಲು ಮರೆಯುವುದು, ತಿರುಗಬೇಕಾದ ಕ್ರಾಸು ದಾಟಿ ಮುಂದೆ ಹೋಗಿಬಿಡುವುದು ಕಂಡುಬಂದರೆ ಮುಂದಿನ ಬಂಕಿನಲ್ಲಿ ನಿಲ್ಲಲೇಬೇಕು. ನೆಗಡಿ, ತುರಿಕೆಗೆ ಕೊಡುವ ಕೆಲವು ಮಾತ್ರೆಗಳು ನಿದ್ರೆ ತರುತ್ತವೆ. ಹೊರಡುವ ದಿನ ಔಷಧ ಅಂಗಡಿಯವರನ್ನೋ ವೈದ್ಯರನ್ನೋ ಕೇಳಿಯೇ ನುಂಗುವುದು ಲೇಸು. ಜೋರಾಗಿ ಗೊರಕೆ ಹೊಡೆಯುವ, ದಪ್ಪ ಕತ್ತಿನ, ಎಂಟು ಗಂಟೆ ಮಲಗಿದರೂ ಹಗಲೆಲ್ಲ ತೂಕಡಿಸುವ ಚಾಲಕನಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆಯಿರುವ ಸಾಧ್ಯತೆಯುಂಟು. ಅದಕ್ಕೆ ಚಿಕಿತ್ಸೆಯಿದೆ. ಅಂಥವನನ್ನು ಸೋಮಾರಿಯೆಂದು ಬೈದು ಪ್ರಯೋಜನವಿಲ್ಲ.

ವಿಮೆ ಎಲ್ಲಿಯವರೆಗೆ ಕೈ ಹಿಡಿಯುತ್ತದೆ?

‘ಇನ್ಶೂರನ್ಸ್ ಇದೆಯಲ್ಲ’ ಎಂಬ ಸಮಾಧಾನ ವ್ಯಾಪಾರಸ್ಥರಲ್ಲಿ ಸಾಮಾನ್ಯ. ಚಾಲಕ ನಿದ್ರಿಸಿದನೆಂಬ ಒಂದೇ ಕಾರಣಕ್ಕೆ ವಾಹನದ ವಿಮೆ ತಪ್ಪಿಹೋಗುವುದಿಲ್ಲವೆಂಬುದು ನಿಜ. ಮದ್ಯಪಾನದ ವಿಷಯ ಬೇರೆ. ಆದರೆ ವಾಹನದ ವಿಮೆ ವಾಹನಕ್ಕೆ ಮತ್ತು ಮೂರನೆಯವರಿಗೆ ಮಾತ್ರ. ಒಳಗಿರುವ ಸರಕಿಗೆ ಅದರಿಂದ ಒಂದು ಪೈಸೆಯೂ ಬಾರದು. ಟ್ರಾನ್ಸ್‌ಪೋರ್ಟಿನವರು ಕೊಡುತ್ತಾರೆಂದರೆ, 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆ ಹಾಗೂ 2011ರ ನಿಯಮಗಳಂತೆ, ಸರಕಿನ ಹೆಚ್ಚಿನ ಬೆಲೆಯನ್ನು ಮೊದಲೇ ಘೋಷಿಸಿ ಅದಕ್ಕೆ ತಕ್ಕ ದರ ಕೊಡದಿದ್ದಲ್ಲಿ, ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಉದಾಹರಣೆಗೆ, ಬಾಡಿಗೆ 30,000 ರೂಪಾಯಿ, ಸರಕಿನ ಬೆಲೆ 8 ಲಕ್ಷ ಎಂದಿಟ್ಟುಕೊಂಡರೆ, ಕೈಗೆ ಬರುವುದು ಹೆಚ್ಚೆಂದರೆ 3 ಲಕ್ಷ. ಉಳಿದ 5 ಲಕ್ಷ ವ್ಯಾಪಾರಿಯ ಬಂಡವಾಳದಿಂದಲೇ ಹೋಗಬೇಕು. ಎರಡನೆಯ ಚಾಲಕನಿಗೆ ಪ್ರತಿ ಪ್ರಯಾಣಕ್ಕೆ 1,500 ರೂಪಾಯಿ ಹೆಚ್ಚುವರಿ ಬಾಟಾ ಕೊಟ್ಟರೂ, ಆ 5 ಲಕ್ಷದಲ್ಲಿ 333 ಪ್ರಯಾಣಗಳ ಬಾಟಾ ಸಂದಾಯವಾಗುತ್ತದೆ. ಸರಕಿಗೆ ಪ್ರತ್ಯೇಕ ಸಾಗಣೆ ವಿಮೆ ಮಾಡಿಸುವವರು ಜಿಲ್ಲೆಯ ಸಣ್ಣ ವ್ಯಾಪಾರಸ್ಥರಲ್ಲಿ ಇನ್ನಷ್ಟು ಹೆಚ್ಚಬೇಕು.

ಇನ್ನೊಂದು ಸೂಕ್ಷ್ಮವನ್ನು ಅನೇಕರು ಗಮನಿಸಿಲ್ಲ. ವಾಹನದ ಮಾಲಿಕ ತಾನೇ ಚಾಲಕನಾಗಿದ್ದಾಗ ಆತನಿಗೆ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯ ವ್ಯವಸ್ಥೆಯಿದೆ. ಆದರೆ ತೆರಿಗೆಯ ಅನುಕೂಲಕ್ಕಾಗಿ ಕಾರನ್ನು ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ಹೆಸರಿನಲ್ಲಿ ಕೊಂಡಿದ್ದರೆ ಈ ವಿಮೆ ದೊರೆಯುವುದಿಲ್ಲ. ಸಂಸ್ಥೆಗೆ ಚಾಲನಾ ಪರವಾನಗಿ ಇರುವುದಿಲ್ಲವಷ್ಟೆ. ಪಾಲುದಾರ ತನ್ನ ಸಂಸ್ಥೆಯ ಕಾರು ನಡೆಸುತ್ತ ಸತ್ತರೆ ಸಂಸಾರಕ್ಕೆ ಆ 15 ಲಕ್ಷ ಬಾರದು. ಸವಕಳಿಯ ಲಾಭ ಎಣಿಸುವಾಗಲೇ ಪಾಲುದಾರರ ಹೆಸರಿನಲ್ಲಿ ಬೇರೆ ಅಪಘಾತ ವಿಮೆ ಮಾಡಿಸಿಡುವುದು ಕ್ಷೇಮ.

ಸರಕಿನ ಜೊತೆಗೆ ಪ್ರಯಾಣಿಸುವ ವ್ಯಾಪಾರಿಗಳ ಸ್ಥಿತಿ ಇನ್ನೂ ಸಂಕಟದ್ದು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿಯ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಕಂದಕಕ್ಕುರುಳಿ ಹತ್ತು ಜನ ವ್ಯಾಪಾರಿಗಳು ಮಡಿದರು. ಅಲ್ಲಿ ಇನ್ನೊಂದು ವಾಹನಕ್ಕೆ ದಾರಿ ಬಿಡುವಾಗ ಹೀಗಾಯಿತೆಂದು ವರದಿಯಾಗಿತ್ತು. ನಿದ್ರೆಯ ಪ್ರಶ್ನೆ ಅಲ್ಲಿರಲಿಲ್ಲ. ಆದರೆ ಸರಕಿನ ಮೇಲೆಯೇ ಕುಳಿತು, ಮಲಗಿ ಪ್ರಯಾಣಿಸುವ ರೂಢಿ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿದೆ. 1994ರ ತಿದ್ದುಪಡಿಯ ನಂತರ ಸರಕಿನ ಮಾಲಿಕನೂ ಆತನ ಅಧಿಕೃತ ಪ್ರತಿನಿಧಿಯೂ ಕಡ್ಡಾಯ ವಿಮೆಯ ವ್ಯಾಪ್ತಿಗೆ ಬಂದಿದ್ದಾರೆ; ಆದರೂ ಅವರು ಕ್ಯಾಬಿನ್ನಿನಲ್ಲಿ ಕುಳಿತಿರಬೇಕೆಂದು ನ್ಯಾಯಾಲಯಗಳು ಹೇಳಿವೆ. ಬಾಡಿಗೆ ಕೊಟ್ಟೋ ಕೊಡದೆಯೋ ಸುಮ್ಮನೆ ಹತ್ತಿದವರಿಗೆ ವಿಮಾ ಕಂಪನಿ ಹೊಣೆಯಲ್ಲ. ಅಂಥ ಪರಿಹಾರದ ಭಾರ ವಾಹನದ ಮಾಲಿಕನ ಮೇಲೆ, ಅಂದರೆ ಆತನ ಮನೆ, ಹೊಲದ ಮೇಲೆ ಬೀಳುತ್ತದೆ.

ವಿದೇಶದ ಒಂದು ಪ್ರಕರಣ ಇಲ್ಲಿ ಉಲ್ಲೇಖಾರ್ಹ. 2001ರ ಫೆಬ್ರುವರಿ 28ರಂದು ಇಂಗ್ಲೆಂಡಿನ ಸೆಲ್ಬಿ ಸಮೀಪ, ರಾತ್ರಿಯಿಡೀ ಫೋನಿನಲ್ಲಿ ಮಾತಾಡುತ್ತ ಎಚ್ಚರವಿದ್ದು ಮುಂಜಾನೆ ಕೆಲಸಕ್ಕೆ ಹೊರಟಿದ್ದ ಸಣ್ಣ ಗುತ್ತಿಗೆದಾರನೊಬ್ಬನ ವಾಹನ ಹೆದ್ದಾರಿ ಬಿಟ್ಟು ಇಳಿದು ರೈಲು ಹಳಿಯ ಮೇಲೆ ನಿಂತಿತು. ಅದಕ್ಕೆ ಬಡಿದ ಪ್ರಯಾಣಿಕರ ರೈಲು ಹಳಿ ತಪ್ಪಿ ಎದುರಿನಿಂದ ಬಂದ ಕಲ್ಲಿದ್ದಲಿನ ಗಾಡಿಗೆ ಡಿಕ್ಕಿಯಾಗಿ ಹತ್ತು ಜನ ಸತ್ತರು. ತಾನು ನಿದ್ರಿಸಿಲ್ಲವೆಂದು ಆತ ಕೊನೆಯವರೆಗೂ ವಾದಿಸಿದರೂ ನ್ಯಾಯಾಲಯ ಐದು ವರ್ಷಗಳ ಶಿಕ್ಷೆ ವಿಧಿಸಿತು. ಆತನ ವಿಮಾ ಕಂಪನಿ ತೆತ್ತದ್ದು ಎರಡು ಕೋಟಿ ಇಪ್ಪತ್ತು ಲಕ್ಷ ಪೌಂಡಿಗೂ ಅಧಿಕ. ನಮ್ಮಲ್ಲಿಯೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಅದು ಎರಡೇ ವರ್ಷವಿತ್ತು.

ಅವಸರ ಕಾನೂನಿನದಲ್ಲ

ಇ-ವೇ ಬಿಲ್ಲಿನ ಅವಧಿ ಮುಗಿದುಹೋಗುತ್ತದೆಂಬ ಭಯದಿಂದ ಚಾಲಕನಿಗೆ ನಿಲ್ಲಬೇಡವೆಂದು ತಾಕೀತು ಮಾಡುವ ಮಾಲಿಕರಿದ್ದಾರೆ. ಈ ಭಯಕ್ಕೆ ಆಧಾರ ಕಡಿಮೆ. 2021ರ ಜನವರಿ 1ರಿಂದ ಪ್ರತಿ 200 ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದು ದಿನದ ಅವಧಿಯಿದೆ. ಸುಮಾರು 600 ಕಿಲೋಮೀಟರಿನ ಬೆಂಗಳೂರಿನ ದಾರಿಗೆ ಮೂರು ದಿನ ಸಿಗುತ್ತದೆ. ಲಾರಿಗೆ ಬೇಕಾದದ್ದು ಒಂದು ರಾತ್ರಿ, ಅರ್ಧ ಹಗಲು. ಅನಿವಾರ್ಯವಾದರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲು ಅಥವಾ ನಂತರದ ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳುವ ಅವಕಾಶವೂ ಇದೆ. ತಾಜಾ ಲಿಂಬೆ, ಉಳ್ಳಾಗಡ್ಡಿಗಳಿಗಂತೂ ತೆರಿಗೆ ವಿನಾಯಿತಿಯಿರುವುದರಿಂದ ಇ-ವೇ ಬಿಲ್ಲಿನ ಮಾತೇ ಬಾರದು.

ಶ್ರಮ ಕಾನೂನು ವಿಶ್ರಾಂತಿಯ ಪರವಾಗಿಯೇ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯನ್ನೂ, ಐದು ಗಂಟೆ ಕೆಲಸದ ನಂತರ ಅರ್ಧ ಗಂಟೆಯ ಬಿಡುವನ್ನೂ ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಆ ಕಾಯ್ದೆ ವಿಲೀನಗೊಂಡಿದೆ. ದಿನಕ್ಕೆ ಎಂಟು ಗಂಟೆಯ ಮಿತಿ ಮುಂದುವರಿದಿದೆ. ಗಾಡಿ ಓಡುವ ಹೊತ್ತಷ್ಟೇ ಅಲ್ಲ, ಅದಕ್ಕೆ ಸಂಬಂಧಿಸಿದ ಉಪಕೆಲಸಗಳ ಹೊತ್ತೂ ಕೆಲಸದ ಹೊತ್ತೆಂದೇ ಕಾನೂನು ಪರಿಗಣಿಸುತ್ತದೆ. ರಾಷ್ಟ್ರೀಯ ಪರವಾನಗಿಯ ಲಾರಿಗಳಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವನ್ನು ಮಾತ್ರ 2018ರಲ್ಲಿ ಕೈಬಿಡಲಾಯಿತು. ಸಾಗಣೆ ವೆಚ್ಚ ತಗ್ಗಿಸುವ ದೃಷ್ಟಿಯಿಂದ ಅಂದು ಅದನ್ನು ಸ್ವಾಗತಿಸಿದವರೇ ಹೆಚ್ಚು. ಕೆಲಸದ ಗಂಟೆಗಳ ಮಿತಿಯನ್ನು ಪಾಲಿಸದೆ ಚಾಲಕನ ಸಂಖ್ಯೆಯನ್ನು ಮಾತ್ರ ಇಳಿಸಿಕೊಂಡರೆ ಅದು ಉಳಿತಾಯವೆನಿಸದು. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಚಾಲನೆಯ ನಂತರ 45 ನಿಮಿಷ ವಿಶ್ರಾಂತಿ ಕಡ್ಡಾಯ. ಅದನ್ನು ದಾಖಲಿಸುವ ಯಂತ್ರ ಲಾರಿಯಲ್ಲಿಯೇ ಇರುತ್ತದೆ.

ಗೋದಾಮಿನ ಅಂಗಳದಲ್ಲಿ

ನಿಜವಾದ ಸಮಸ್ಯೆ ಹೆದ್ದಾರಿಗಿಂತ ಮೊದಲೇ, ಲೋಡು ತುಂಬುವ ಅಂಗಳದಲ್ಲಿಯೇ ಆರಂಭವಾಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಬಾ ಎಂದು ಕರೆಸಿದ ಲಾರಿಗೆ ಸರಕು ಸಿದ್ಧವಾಗುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಚಾಲಕ ಬಿಸಿಲಲ್ಲಿ ಕಾದ ಕ್ಯಾಬಿನ್ನಿನಲ್ಲಿ ಮಲಗಲಾರ, ಗಾಡಿ ಬಿಟ್ಟು ಹೋಗಲಾರ. ಚೀಲ ಎಣಿಸುತ್ತ, ಹಗ್ಗ ಬಿಗಿಯುತ್ತ, ಕಾಗದಪತ್ರಕ್ಕೆ ಅಲೆಯುತ್ತ ಕಳೆದ ಆ ಆರು ಗಂಟೆಗಳು ಬಾಡಿಗೆಯ ಲೆಕ್ಕದಲ್ಲಿಲ್ಲ. ಆದರೆ ಅವನ ಮೈಯ ಲೆಕ್ಕದಲ್ಲಿ ಖರ್ಚು ಬಿದ್ದಿರುತ್ತವೆ. ನಂತರ ‘ನಸುಕಿನ ಐದಕ್ಕೆ ಯಾರ್ಡಿನಲ್ಲಿರಬೇಕು’ ಎಂಬ ಕಟ್ಟಪ್ಪಣೆ. ಬೇಗ ಮುಟ್ಟಿಸಿದವನಿಗೆ ಬಕ್ಷೀಸು, ತಡವಾದವನಿಗೆ ಬಾಟಾದಲ್ಲಿ ಕಡಿತ. ವ್ಯಾಪಾರಸ್ಥರು ಅರಿಯದೆಯೇ ನಿದ್ರೆಗೇಡಿತನಕ್ಕೆ ಬಹುಮಾನ ಕೊಡುತ್ತಿದ್ದಾರೆ.

ಇದನ್ನು ಸರಿಪಡಿಸಲು ಸರಕಾರದ ಅಪ್ಪಣೆ ಬೇಕಿಲ್ಲ. ಸರಕು ಸಿದ್ಧವಾದ ಮೇಲೆಯೇ ಗಾಡಿ ಕರೆಸಬಹುದು. ಗೋದಾಮಿನ ಒಂದು ಮೂಲೆಯಲ್ಲಿ ಎರಡು ಮಂಚ, ಒಂದು ಫ್ಯಾನು, ಕುಡಿಯುವ ನೀರು, ಸ್ನಾನಕ್ಕೆ ಬಚ್ಚಲು ಇದ್ದರೆ ಲೋಡು ತುಂಬುವಷ್ಟು ಹೊತ್ತು ಚಾಲಕ ಮಲಗಬಹುದು. ಎಣಿಕೆ ಮತ್ತು ತಾಡಪತ್ರಿಯ ಕೆಲಸಕ್ಕೆ ಒಬ್ಬ ಹಮಾಲನಿಗೆ ಹೆಚ್ಚಿಗೆ ಕೂಲಿ ಕೊಟ್ಟರಾಯಿತು. ರಾತ್ರಿ ಎರಡಕ್ಕೆ ‘ಎಲ್ಲಿದ್ದೀ?’ ಎಂದು ಫೋನು ಮಾಡುವ ಅಭ್ಯಾಸವನ್ನು ಬಿಡುವುದು ಇನ್ನೂ ಅಗ್ಗದ ಉಪಾಯ: ಮಲಗಿದ್ದವನು ಏಳುತ್ತಾನೆ, ನಡೆಸುತ್ತಿದ್ದವನು ಒಂದು ಕೈ ಬಿಡುತ್ತಾನೆ. ಬೆಂಗಳೂರಿನ ಕೆಲಸಕ್ಕೆ ಹೊರಟ ಮಾಲಿಕರಿಗೆ ಸ್ಲೀಪರ್ ಬಸ್ಸುಗಳಿವೆ, ಇಂಡಿ ರೋಡ್, ವಿಜಯಪುರದ ಮೂಲಕ ಸಾಗುವ ರೈಲುಗಳಿವೆ. ಸ್ವಂತ ಕಾರಿನ ಗತ್ತಿಗೆ ರಾತ್ರಿಯಿಡೀ ಸ್ಟೇರಿಂಗ್ ಹಿಡಿಯಬೇಕಾದ ಪ್ರಮೇಯವಿಲ್ಲ. ಕಾರೇ ಬೇಕೆಂದರೆ ಸಂಜೆ ಹೊರಟು ಹೊಸಪೇಟೆಯಲ್ಲಿಯೋ ಚಿತ್ರದುರ್ಗದಲ್ಲಿಯೋ ತಂಗಿ, ನಾಲ್ಕಾರು ಗಂಟೆ ಮಲಗಿ ಮುಂದುವರಿಯಬಹುದು. ವ್ಯವಹಾರದ ಪ್ರಯಾಣದ ಲಾಡ್ಜಿನ ರಸೀದಿ ವ್ಯವಹಾರದ ವೆಚ್ಚವೇ.

2025ರ ಅಕ್ಟೋಬರ್ 1ರ ನಂತರ ತಯಾರಾದ ಮಧ್ಯಮ ಹಾಗೂ ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದಲ್ಲಿ ಗಾಡಿ ನಡೆಸಿದವರಿಗೆ ಅದರ ಬೆಲೆ ಗೊತ್ತು. ಆದರೆ ರಸ್ತೆಯ ಮೇಲಿರುವ ಬಹುಪಾಲು ಲಾರಿಗಳು ಹಳೆಯವೇ. ಇನ್ನೂ ಹತ್ತು ವರ್ಷ ಅವೇ ನಮ್ಮ ಸರಕು ಹೊರುತ್ತವೆ. ಸರಕಾರಿ ತೈಲ ಕಂಪನಿಗಳು ಕೆಲವು ಬಂಕುಗಳಲ್ಲಿ ‘ಅಪ್ನಾ ಘರ್’ ಹೆಸರಿನಲ್ಲಿ ಲಾರಿ ಚಾಲಕರಿಗೆ ಹಾಸಿಗೆ, ಸ್ನಾನ, ಅಡುಗೆಯ ಸೌಕರ್ಯವುಳ್ಳ ತಂಗುದಾಣಗಳನ್ನು ತೆರೆದಿವೆ. ನೆಲೋಗಿ, ಗುಂಡೇನಹಳ್ಳಿಗಳಲ್ಲಿ ಸಾವಿಗೆ ಎದುರಾದದ್ದು ನಿಂತ ಲಾರಿ. ಲಾರಿಗೆ ನಿಲ್ಲಲು ಒಳ್ಳೆಯ ಜಾಗವಿಲ್ಲದೆಡೆ, ನಿದ್ರೆ ಬಂದ ಚಾಲಕ ರಸ್ತೆಯ ಅಂಚಿನಲ್ಲಿಯೇ ನಿಲ್ಲಿಸುತ್ತಾನೆ. ನಿದ್ರೆ ಬಂದರೂ ನಿಲ್ಲಿಸದ ಇನ್ನೊಬ್ಬ ಅದಕ್ಕೆ ಬಂದು ಬಡಿಯುತ್ತಾನೆ. ಝಳಕಿಯಿಂದ ನಿಡಗುಂದಿಯವರೆಗೆ, ಸಿಂದಗಿಯಿಂದ ಜೇವರ್ಗಿಯ ಗಡಿಯವರೆಗೆ, ಐವತ್ತು ಐವತ್ತು ಕಿಲೋಮೀಟರಿಗೊಂದರಂತೆ ದೀಪವಿರುವ ಲಾರಿ ನಿಲುಗಡೆಯ ಜಾಗ ಕೇಳುವುದಾದರೆ, ಆ ಮನವಿಗೆ ಮೊದಲ ಸಹಿ ಹಾಕಬೇಕಾದವರು ಸರಕು ಕಳಿಸುವವರೇ. ಅಲ್ಲಿಯವರೆಗೆ ಎಪಿಎಂಸಿ ಪ್ರಾಂಗಣದ ಗೇಟನ್ನು ರಾತ್ರಿಯೂ ತೆರೆದಿಟ್ಟು, ದಾರಿಹೋಕ ಲಾರಿಗಳಿಗೂ ನಸುಕಿನವರೆಗೆ ನಿಲ್ಲಲು ಅವಕಾಶ ಕೊಡುವ ಬಗ್ಗೆ ನಾಲ್ಕೂ ತಾಲ್ಲೂಕುಗಳ ಮಾರುಕಟ್ಟೆ ಸಮಿತಿಗಳು ಯೋಚಿಸಬಹುದು. ಜಾಗವಿದೆ, ಕಾವಲುಗಾರನಿದ್ದಾನೆ, ದೀಪದ ಕಂಬವೂ ಇದೆ.